ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರೀ

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್‌ಗೆ ಒಂದು ಹಟವಿತ್ತು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಅದು ಯಾರಿಂದ ಆಯಿತು, ಯಾತರಿಂದ ಆಯಿತು ಎಂದು ಹೇಳದೆ ನಾವು ಮಾತು ಮುಗಿಸುವಂತಿರಲಿಲ್ಲ. ಲೇಟಾಗಿ ಬಂದವಳು "ಓಯಿಂಗ್ ಟು" ಎಂದು ಶುರುಮಾಡಿ, ಮಳೆಯೋ ಟ್ರಾಮೋ ಎಂಬುದನ್ನು ಹೇಳಿಯೇ ಕೂಡಬೇಕು. ಹೂದಾನಿಯಲ್ಲಿ ಹೂ ಚೆಂದ ಕಂಡರೆ "ದ ಕ್ರೆಡಿಟ್ ಗೋಸ್ ಟು" ಎನ್ನುತ್ತ ಜೋಡಿಸಿದವಳ ಕಡೆ ಕೈ ತೋರಿಸಬೇಕು. "ಥ್ಯಾಂಕ್ಸ್ ಟು" ಎನ್ನುವಾಗ ಮುಖದಲ್ಲಿ ಸ್ಮೈಲ್ ಇರಲೇಬೇಕು. ಎಷ್ಟು ಪೊಲೈಟ್ ಭಾಷೆ ಎಂದು ನನಗೆ ಅನಿಸುತ್ತಿತ್ತು. ಅಲ್ಲಿ ಹೊಗಳಿಕೆ ಸರಿಯಾದ ಮನೆಗೇ ಹೋಗಿ ಮುಟ್ಟುತ್ತಿತ್ತು.

ಮಾಟುಂಗದ ನಮ್ಮ ಮನೆಯಲ್ಲಿ ರೀತಿಯೇ ಬೇರೆ. ಒಳ್ಳೆಯದಾದರೆ "ದೇವರ ದಯಾ", ಕೆಟ್ಟದ್ದಾದರೆ "ನಿನ್ನ ಸಂಬಂಧ", ಅಂದರೆ ನಿನ್ನಿಂದಲೇ. ಹಾಲು ಉಕ್ಕಿದರೆ ನನ್ನ ಸಂಬಂಧ, ಅಪ್ಪನ ಲೋಕಲ್ ರೈಲು ತಪ್ಪಿದರೆ ಅವ್ವನ ಸಂಬಂಧ. ಅಪ್ಪ ರೈಲ್ವೆ ಆಫೀಸಿನ ಕೆಲಸಕ್ಕೆಂದು ಧಾರವಾಡ ಬಿಟ್ಟು ಬಂದವರು. ಊರು ಬಿಟ್ಟರೂ ಅವರಾಗಲಿ ಅವ್ವನಾಗಲಿ ಊರಿನ ಮಾತು ಬಿಟ್ಟಿರಲಿಲ್ಲ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅದೇ ಕಾನ್ವೆಂಟಿನಲ್ಲಿ ಓದಿ, ಫೋರ್ಟಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಅದರಿಂದಾಗಿಯೇ ಎರಡು ಮದುವೆ ಸಂಬಂಧ ಮುರಿದಿದ್ದವು. ಇಬ್ಬರ ಕಡೆಯವರೂ ಕೆಲಸ ಬಿಡಲಿ ಎಂದರು, ಅಕ್ಕ ಆಗುವುದಿಲ್ಲ ಎಂದಳು. ಮೂರನೆಯದು ಘಾಟ್ಕೋಪರದಲ್ಲಿದ್ದ ಬೆಳಗಾವಿ ಕಡೆಯವರದು. ಹುಡುಗ ಡ್ರಾಫ್ಟ್ಸ್‌ಮನ್. ಯಾವುದೋ ನಾಟಕದ ಇಂಟರ್‌ವಲ್‌ನಲ್ಲಿ ಅಕ್ಕ ಅವನೊಡನೆ ನಾಲ್ಕು ಮಾತಾಡಿದ್ದಳು. ಕೆಲಸ ಬಿಡಬೇಕಿಲ್ಲ ಎಂದು ಅವನು ಹೇಳಿಕಳಿಸಿಯೂ ಇದ್ದ. ಆದರೆ ಅವನ ತಾಯಿಯ ಮನಸ್ಸು ಏನೆಂಬುದು ನಮಗಾರಿಗೂ ತಿಳಿದಿರಲಿಲ್ಲ.

ಅವರು ಬರುವ ಭಾನುವಾರ ಬೆಳಿಗ್ಗೆ ಅಕ್ಕ ನನ್ನ ಹೆರಳು ಹಾಕುತ್ತ, "ಇದೊಂದು ಆಗಬೇಕು ನೋಡು" ಎಂದಳು. ಏನನ್ನೂ ಬಾಯಿಬಿಟ್ಟು ಕೇಳದವಳು ಅವಳು. ಕನ್ನಡಿಯಲ್ಲಿ ಅವಳ ಮುಖ ನೋಡಲು ಹೋದರೆ ತಲೆ ಬಗ್ಗಿಸಿಕೊಂಡುಬಿಟ್ಟಳು.

ಹೆಣ್ಣು ನೋಡುವ ದಿನಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ತಾಟಿನಲ್ಲಿ ಏನೇ ಇರಲಿ, ಗೋಡೆಯ ಮೇಲೆ ಏನೇ ತೂಗಲಿ, ಮಾಡಿದವಳು ಹುಡುಗಿಯೇ. ಸುಳ್ಳು ಎಂದು ಅದನ್ನು ಯಾರೂ ಕರೆಯುತ್ತಿರಲಿಲ್ಲ. ಅತ್ತೆ ಹೊಲಿದದ್ದು, ಚಿಕ್ಕಮ್ಮ ಕರಿದದ್ದು, ಎಲ್ಲವನ್ನೂ ಆ ಒಂದು ಹೊತ್ತಿಗೆ ಹುಡುಗಿಯ ಹೆಸರಿಗೆ ಬಿಟ್ಟುಕೊಡುವುದು, ಬಂಗಾರವನ್ನು ಎರವಲು ಕೊಟ್ಟಂತೆ.

ಹಿಂದಿನ ದಿನವೆಲ್ಲ ಅಕ್ಕನಿಗೆ ಡ್ಯೂಟಿ. ಹಾಗಾಗಿ ಉಪ್ಪಿಟ್ಟು ಅವ್ವ ಮಾಡಿದಳು. ಶಿರಾ ಮಾಡಿದವರು ಪಕ್ಕದ ಖೋಲಿಯ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಉಡುಪಿ ಕಡೆಯವರು. ಟೇಬಲ್‌ಕ್ಲಾತಿನ ಮೇಲಿನ ಕ್ರಾಸ್‌ಸ್ಟಿಚ್ ನವಿಲುಗಳು ನನ್ನ ನೀಡಲ್‌ವರ್ಕ್ ಕ್ಲಾಸಿನವು. ಅವ್ವ ಒರೆಸಿದ ತಾಟುಗಳನ್ನೇ ಮತ್ತೆ ಒರೆಸುವುದನ್ನು ಕಂಡು ಬಾಯಿ, "ಎಂಥಕ್ಕೆ ಹೆದರುದು ನೀವು? ಈ ಶಿರಾ ತಿಂದವರು ಬೇಡ ಹೇಳ್ಲಿಕ್ಕುಂಟಾ?" ಎಂದು ಪಾತ್ರೆ ಇಟ್ಟು, ಬಾಗಿಲ ಹತ್ತಿರ ನಿಂತರು.

ಹುಡುಗ, ಅವನ ಅಪ್ಪ, ಅವನ ತಾಯಿ ಮೂವರೂ ಬಂದು ಕೂತರು. ಅಕ್ಕ ಚಹಾದ ಟ್ರೇ ಹಿಡಿದು ಬಂದಳು. ಹುಡುಗನ ಅಪ್ಪ ಒಂದು ಚಮಚ ಬಾಯಿಗಿಟ್ಟು, "ಶಿರಾ ಭಾಳ ಛಲೋ ಆಗ್ಯದ" ಎಂದರು.

"ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರೀ" ಎಂದಳು ಅವ್ವ.

"ಉಪ್ಪಿಟ್ಟೂ?"

"ಅದೂ ಆಕೀನರೀ. ಆ ನವಲೂ ಆಕೀನ ಹಾಕ್ಯಾಳ."

ಹುಡುಗನ ಅಪ್ಪನಿಗೆ ಇಂಗ್ಲಿಷಿನ ಹುಚ್ಚು. ನಾನು ಕಾನ್ವೆಂಟಿನವಳೆಂದು ತಿಳಿದದ್ದೇ ತಡ, ಕಾಲಮೇಲೆ ಕಾಲು ಹಾಕಿಕೊಂಡು ಪರೀಕ್ಷೆ ಮಾಡಲು ಕೂತರು. "ಈ ಟೇಬಲ್ ಮ್ಯಾಲಿಂದು ನೋಡಿ ಇಂಗ್ಲಿಷಿನ್ಯಾಗ ನಾಕು ಮಾತು ಹೇಳು ನೋಡೋಣು."

ನಾನು ಕ್ಲಾಸಿನಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತೆ. ಆ ನಿಲುವಿನಲ್ಲಿ ನನ್ನ ಬಾಯಿಗೆ ಬೇರೆ ಮಾತೇ ಬರುತ್ತಿರಲಿಲ್ಲ. "ದ ಕ್ರೆಡಿಟ್ ಫಾರ್ ದ ಟೇಬಲ್‌ಕ್ಲಾತ್ ಗೋಸ್ ಟು ಮಿ" ಎಂದು ನನ್ನ ಎದೆ ಮುಟ್ಟಿಕೊಂಡೆ. ಉಪ್ಪಿಟ್ಟಿನ ಕ್ರೆಡಿಟ್ಟಿಗೆ ಅವ್ವನ ಕಡೆ ಕೈ ತೋರಿಸಿದೆ. "ಥ್ಯಾಂಕ್ಸ್ ಟು" ಎಂದು ಸ್ಮೈಲ್ ಮಾಡಿ, ಶಿರಾ ರುಚಿಯಾದದ್ದಕ್ಕೆ ಬಾಗಿಲಲ್ಲಿದ್ದ ಬಾಯಿಯತ್ತ ತಿರುಗಿದೆ. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನನ್ನ ಕೈ ಹೋದಲ್ಲೆಲ್ಲ ಅವಳ ಕಣ್ಣೂ ಹೋಗಿ, ಮುಖ ಸಣ್ಣದಾಯಿತು. ಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಾಗಿಲ ಮರೆಗೆ ಸರಿದರು. ಶಿರಾದ ಹೊಗಳಿಕೆ ಅಕ್ಕನ ಹೆಸರಿಗೆ ಹೋದಾಗ ನಗುತ್ತ ನಿಂತಿದ್ದವರು, ತಮ್ಮ ಹೆಸರು ಬಂದೊಡನೆ ನಾಚಿಕೊಂಡರು. ಹೆಸರನ್ನೇ ಬಿಟ್ಟುಕೊಡುವ ಇಂಥ ಕೊಡುಗೆಗೆ ಇಂಗ್ಲಿಷಿನಲ್ಲಿ ಯಾವ ಫ್ರೇಸ್ ಇದೆಯೋ, ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ.

"ಏನಂದ್ಲರೀ ಹುಡುಗಿ?" ಎಂದು ಹುಡುಗನ ತಾಯಿ ಗಂಡನನ್ನು ಕೇಳಿದರು.

ಅವರು ಕೆಮ್ಮಿದರು. "ಇಂಗ್ಲಿಷ್ ಛಲೋ ಅದ."

"ಇಂಗ್ಲಿಷ್ ಹೆಂಗದ ಅಂತ ಕೇಳ್ಲಿಲ್ಲ ನಾ. ಏನಂದ್ಲು?"

ಅವರು ಶಿರಾದ ತಾಟಿನಲ್ಲಿ ಮುಖ ಹುದುಗಿಸಿದರು. ಅಪ್ಪ ಕಿಟಕಿಯ ಹೊರಗೆ ನೋಡತೊಡಗಿದರು. ಆಗ ಅಕ್ಕ ಟ್ರೇ ಕೆಳಗಿಟ್ಟಳು. "ನಾ ಹೇಳ್ತೇನ್ರೀ. ಶಿರಾ ಬಾಜೂ ಖೋಲಿ ಬಾಯಿ ಮಾಡ್ಯಾರ. ಉಪ್ಪಿಟ್ಟು ನಮ್ಮವ್ವ. ನವಲು ಈಕಿ ಹಾಕ್ಯಾಳ. ನಾ ಚಹಾ ಮಾಡೇನಿ, ಅಷ್ಟ." ಫೋನಿನಲ್ಲಿ ಲೈನ್ ಕೂಡಿಸುವಾಗಿನ ಧ್ವನಿಯೇ ಅದು, ಏರೂ ಇಲ್ಲ, ಇಳಿವೂ ಇಲ್ಲ. ಆದರೆ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ನಿನ್ನೆ ಡ್ಯೂಟಿ ಇತ್ತರೀ ಆಕೀಗೆ. ಇಲ್ಲಂದ್ರ..." ಎಂದು ಅವ್ವ ತೊದಲಿದಳು.

ಹುಡುಗನ ತಾಯಿ ತಾಟು ಕೆಳಗಿಟ್ಟರು. "ನನ್ನ ನೋಡ್ಲಿಕ್ಕೆ ಬಂದಾಗ ಹೋಳಿಗಿ ಬಡಿಸಿದ್ರು. ಮಾಡಿದಾಕಿ ನಮ್ಮ ಸೋದರತ್ತಿ. ಎಲ್ಲಾ ಹುಡುಗೀನ ಅಂದ್ಲು ನಮ್ಮವ್ವ. ಮದುವಿ ಆಗಿ ಬಂದ ಮೊದಲ್ನೇ ಹಬ್ಬಕ್ಕ ನಮ್ಮ ಮಾವ, ಸೊಸಿ ಕೈಯಾಗಿನ ಹೋಳಿಗಿ ತಿನ್ನಬರ್ರಿ ಅಂತ ಓಣಿ ಮಂದೀನ್ನೆಲ್ಲಾ ಪಂಕ್ತಿಗೆ ಕೂಡಿಸಿಬಿಟ್ರು. ಹೂರಣ ಒಲಿ ಮ್ಯಾಲೆ, ನಾ ಹಿತ್ತಲದಾಗ ಅಳಕೋತ."

"ಅವು ಹೋಳಿಗಿ ಅಲ್ಲ, ಹಪ್ಪಳ ಆಗಿದ್ವು" ಎಂದರು ಗಂಡ.

"ತಿಂದ್ರಲ್ಲಾ ಮತ್ತ?"

"ತಿನ್ನದ ಏನ್ ಮಾಡ್ಲಿ? ಹೊಗಳಿದಾವ ನಾನ ಅಲ್ಲೇನು, ಊರ ತುಂಬ."

ಅಪ್ಪ ಮೊದಲು ನಕ್ಕರು. ಬಾಗಿಲ ಮರೆಯಿಂದ ಬಾಯಿಯ ನಗುವೂ ಕೇಳಿಸಿತು. ಅವ್ವ ಮಾತ್ರ ನಗಲಿಲ್ಲ. ಹುಡುಗನ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಏಕೆಂದರೆ ಆಕೆ ಈಗ ಅಕ್ಕನ ಕಡೆ ತಿರುಗಿದ್ದರು.

"ಮತ್ತ ನೀ ಏನು ಮಾಡ್ತೀ, ಅದನ್ನ ಹೇಳು ತಂಗಿ. ಬಂದಾಗಿಂದ ಅದನ್ನ ಯಾರೂ ಹೇಳವಲ್ರು."

ಅಕ್ಕ ಮೊದಲು ಮೆಲ್ಲಗೆ, ಆಮೇಲೆ ನೆಲ ನೋಡುವುದನ್ನೂ ಮರೆತು ಹೇಳಿದಳು. ಬೋರ್ಡಿನ ಮೇಲೆ ದೀಪ ಹತ್ತುವುದು, ವೈರು ಚುಚ್ಚುವುದು, ಪುಣೆಯ ಲೈನ್ ಬೇಗ ಸಿಗುವುದು, ಮಳೆಗಾಲದಲ್ಲಿ ಅಹಮದಾಬಾದಿನದು ಕಾಯಿಸುವುದು. "ಊರಾಗ ಮೊಮ್ಮಗಾ ಹುಟ್ಟಿದ್ರ ಆ ಸುದ್ದಿ ನನ್ನ ಕೈಯಾಗಿಂದ ಹೋಗ್ತದ್ರೀ. ಯಾರು ಮುಟ್ಟಿಸಿದ್ರು ಅಂತ ಯಾರಿಗೂ ಗೊತ್ತಾಗೂದಿಲ್ಲ. ಹಲೋ ಹಲೋ ಅಂದು ಒದರಾಡಿ ಇಟ್ಟುಬಿಡ್ತಾರ."

ಹುಡುಗನ ತಾಯಿ ಅವ್ವನನ್ನು ಕೇಳಿದರು: "ಇಷ್ಟೆಲ್ಲಾ ಬಿಟ್ಟು ಉಪ್ಪಿಟ್ಟಿನ ಸುದ್ದಿ ಯಾಕ ಹೇಳ್ಕೋತ ಕೂತ್ರಿ?"

"ಹುಡುಗಿ ನೋಡ್ಲಿಕ್ಕೆ ಬಂದವರಿಗೆ ಫೋನಿನ ಸುದ್ದಿ ಹೆಂಗ ಹೇಳ್ಲಿರೀ?" ಎಂದಳು ಅವ್ವ. ಅದೂ ನಿಜವೇ. ಹಿಂದಿನ ಎರಡು ಸಲ ಆ ಸುದ್ದಿ ಬಂದಲ್ಲಿಗೇ ಮಾತು ಮುರಿದಿತ್ತು.

ಹುಡುಗನ ತಾಯಿ ಚಹಾದ ಕಪ್ಪು ಎತ್ತಿಕೊಂಡರು. ಚಹಾ ಮುಗಿಸಿದರು. ಆಮೇಲೆ, "ಮುಂಜಾನಿ ಡ್ಯೂಟಿ ಎಷ್ಟಕ್ಕ?" ಎಂದರು.

"ಏಳಕ್ಕರೀ."

"ಘಾಟ್ಕೋಪರದಿಂದ ಆದ್ರ ನಸಿಕಿನ್ಯಾಗ ಹೊಂಡಬೇಕಾಗ್ತದ. ನಳದ ನೀರು ಬರೂಕಿಂತ ಮೊದಲ" ಎಂದವರು, ಮಗನ ಕಡೆ ನೋಡಿದರು. "ನೀರು ನೀ ತುಂಬತೀ ಏನು?"

"ತುಂಬತೇನವ್ವಾ" ಎಂದ ಅವನು.

ಅಕ್ಕನ ಬೆರಳಿನಿಂದ ಸೆರಗು ತಾನಾಗಿ ಬಿಚ್ಚಿಕೊಂಡಿತು. ಅವ್ವ ಕುಂಕುಮದ ಬಟ್ಟಲು ತರಲು ಒಳಗೆ ಎದ್ದು ಹೋದಳು.