ಕಾದಂಬರಿಯ ಮಗ

ಪೆರಂಬೂರಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕಾದಂಬರಿಕಾರರಿದ್ದರು. "ನೆನಪು ಗಾಯ ಕಣ್ರೀ, ಮೆಲ್ಲಗೆ ಮುಟ್ಬೇಕು" ಎಂದು ಡಬರಾದಲ್ಲಿ ಕಾಫಿ ಆರಿಸುತ್ತಲೂ ಹೇಳುವವರು. ಮರೆವು ಹತ್ತಿದ ಅವರ ತಾಯಿ, ತೀರಿಹೋದ ಹಿರಿಮಗನ ಹೆಸರಿನಿಂದ ಅವರನ್ನು ಕರೆದರೆ ಮಾತ್ರ, "ಅವನು ಸತ್ತು ಎಷ್ಟು ವರ್ಷ ಆಯ್ತಮ್ಮಾ? ನಾನು ಚಿಕ್ಕವನು!" ಎಂಬ ಗದರಿಕೆ ಗೋಡೆ ದಾಟಿ ಬರುತ್ತಿತ್ತು. ಆ ತಾಯಿ ಪ್ರತಿ ಸಲವೂ ಸಾವಿನ ಸುದ್ದಿಯನ್ನು ಹೊಸದಾಗಿ ಕೇಳಿದಂತೆ ಅಳುತ್ತಿದ್ದರು.

ಅವರ ಹೊಸ ಕಾದಂಬರಿಯ ನಾಯಕ ಇಂಥದೇ ಮರೆವಿನ ತಾಯಿ ಕರೆದಾಗ ಸತ್ತ ಅಣ್ಣನ ಹೆಸರಿಗೇ ಓಗೊಡುತ್ತಾನೆ. ಬಿಡುಗಡೆಯ ದಿನ ಆ ಭಾಗವನ್ನು ಗದ್ಗದಿತರಾಗಿ ಓದಿದರು. ಸಭೆಯೆಲ್ಲ ಕರ್ಚೀಫು ತೆಗೆಯಿತು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅವರ ತಾಯಿಯೂ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಉಸುರಿದರು: "ಇಂಥಾ ಮಗನ್ನ ಹೆತ್ತೋಳು ಪುಣ್ಯವಂತೆ ಕಣಮ್ಮಾ!"