ಹೆಸರು ಹೇಳದ ಪ್ರಾರ್ಥನೆ

ನನಗೆ ಪ್ರಾರ್ಥನೆ ಚೆನ್ನಾಗಿ ಬರುತ್ತದೆ. ಹೊಲಿಗೆ ಬರುತ್ತದೆ, ಹಾಡು ಬರುತ್ತದೆ ಎನ್ನುವ ಹಾಗೆ ಇದನ್ನು ಹೇಳುತ್ತಿದ್ದೇನೆ. ಹಾಗೆ ಹೇಳಿಕೊಳ್ಳುವ ಮಟ್ಟಕ್ಕೆ ಅದು ಬಂದು ಕೂತಿತ್ತು ಎಂಬುದೇ ನನ್ನ ಕೇಡಿಗೆ ಕಾರಣವಾಯಿತು.

ರಾಣೆಬೆನ್ನೂರಿನ ನಮ್ಮ ಕ್ರೈಸ್ತ ಸಭೆಯ ಹೆಂಗಸರು ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಾಡು, ಬೈಬಲ್ ವಾಕ್ಯ, ಆಮೇಲೆ ಯಾರಿಗೆ ಏನು ಕಷ್ಟವಿದೆ ಎಂದು ಕೇಳಿ ಅದಕ್ಕಾಗಿ ಪ್ರಾರ್ಥನೆ, ಕಡೆಗೆ ಚಹಾ, ಚುರುಮುರಿ. ಪ್ರಾರ್ಥನೆಯ ಹೊತ್ತು ಬಂದಾಗ ಪಾಸ್ಟರ ಹೆಂಡತಿ ಕಣ್ಣು ಮುಚ್ಚುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಅಷ್ಟೇ ಸಾಕು, ಸೆರಗು ತಲೆಯ ಮೇಲೆಳೆದುಕೊಂಡು ನಾನು ಶುರು ಮಾಡುತ್ತಿದ್ದೆ. ಜೀವಮಾನವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಗಂಟಲು, ಕೊನೆಯ ಬೆಂಚಿನವರೆಗೂ ಮುಟ್ಟುತ್ತದೆ. ಎಲ್ಲಿ ತಗ್ಗಿಸಬೇಕು, ಎಲ್ಲಿ ತಡೆಯಬೇಕು, ಎಲ್ಲಿ 'ಕರ್ತನೇ' ಎಂದು ಎರಡು ಸಲ ಕರೆಯಬೇಕು ಎಂಬುದು ತಾನಾಗಿ ಬರುತ್ತಿತ್ತು. ನಡುನಡುವೆ 'ಆಮೆನ್, ಆಮೆನ್' ಎಂಬ ದನಿಗಳು ಏಳುತ್ತಿದ್ದವು, ಯಾರೋ ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು.

ನಮ್ಮ ಮನೆಯವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಕೊಂಕು ಮಾತಿನಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಶುಕ್ರವಾರ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ಇವತ್ತ ಎಷ್ಟ ಮಂದೀನ ಅಳಿಸಿ ಬಂದಿ?"

"ದೇವರ ಕೆಲಸಕ್ಕ ನಗಬ್ಯಾಡ್ರಿ," ಎಂದು ನಾನು ಸಿಡುಕುತ್ತಿದ್ದೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದರಲ್ಲೂ ಎದುರಿನವರು ಹೇಳಿದ್ದು ಖರೆ ಇದ್ದಾಗ.

ಕಳೆದ ಜನವರಿಯ ಒಂದು ಮಂಗಳವಾರ ಸಭೆಯ ಹಿರಿಯರೊಬ್ಬರನ್ನು ನೋಡಲು ಹಾವೇರಿಯ ಆಸ್ಪತ್ರೆಗೆ ಹೋಗಿದ್ದೆ. ಬ್ಯಾಡಗಿಯ ತಂಗಿಯೂ ಅಲ್ಲಿಗೆ ಬಂದಿದ್ದಳು. ಒಡಹುಟ್ಟಿದವಳಲ್ಲ, ಸಭೆಯಲ್ಲಿ ಪರಿಚಯವಾದವಳು, ನನಗಿಂತ ಬಹಳ ಚಿಕ್ಕವಳು. ಮನೆಯಲ್ಲಿ ಕೂತು ವ್ಯಾಪಾರಸ್ಥರ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಅವಳ ಗಂಡ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ತೂಗುವ ಕೆಲಸ ಮಾಡುತ್ತಾನೆ. ಹಿಂದೆ ವಿಪರೀತ ಕುಡಿಯುತ್ತಿದ್ದ, ನಂಬಿಕೆಗೆ ಬಂದ ಮೇಲೆ ಪೂರ್ತಿ ಬಿಟ್ಟಿದ್ದ. ಅವನು ಸಭೆಯ ಮುಂದೆ ನಿಂತು ಹೇಳಿದ ಆ ಸಾಕ್ಷಿ ನಮಗೆಲ್ಲ ಬಾಯಿಪಾಠವಾಗಿತ್ತು.

ತಿರುಗಿ ಬರುವಾಗ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಅವಳು ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಗೆ ಹೋಗುವವಳು. ಹೆದ್ದಾರಿಗೆ ಬಸ್ಸು ಏರಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಮಾತು ತೆಗೆದಳು.

"ಅಕ್ಕಾರ, ನಿಮಗೊಬ್ಬರಿಗೇ ಹೇಳಾಕತ್ತೇನ್ರಿ. ಹ್ವಾದ ವಾರ ನಮ್ಮನಿಯವ್ರು ಕುಡುದು ಬಂದಿದ್ರು. ಇಷ್ಟ ವರ್ಷದ ಮ್ಯಾಲ. ಮುಂಜಾನೆದ್ದು ನನ್ನ ಮುಂದ ಕುಂತು ಸಣ್ಣ ಹುಡುಗರಂಗ ಅತ್ರು. ಯಾರ ಮುಂದೂ ಅನಬ್ಯಾಡ ಅಂದಾರ. ನನಗ ಒಬ್ಬಾಕಿಗೆ ತಡಕೊಳ್ಳಾಕ ಆಗವಲ್ದು. ನೀವು ಪ್ರಾರ್ಥನಿ ಮಾಡ್ರಿ. ನೀವೊಬ್ರ."

ಮಾಡುತ್ತೇನೆ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಮೆಣಸಿನಕಾಯಿಯ ಕೆಲಸದಿಂದ ಆ ಕೈ ಬಿಸಿಯಾಗಿತ್ತು. ಅವಳು ಇಷ್ಟು ದೊಡ್ಡದನ್ನು ಕೊಟ್ಟ ಮೇಲೆ ನಾನೂ ಏನಾದರೂ ಕೊಡಬೇಕು ಎನ್ನಿಸಿತೋ ಏನೋ, ಯಾರಿಗೂ, ಗಂಡನಿಗೂ ಹೇಳದೆ ಇದ್ದದ್ದು ಬಾಯಿಗೆ ಬಂತು.

"ತಂಗೀ, ನನ್ನದೂ ಒಂದು ಕೇಳು. ಮಂದಿ ನಡುವ ಕುಂತ್ರ ನನಗ ಪ್ರಾರ್ಥನಿ ಹರೀತೈತಿ. ಮನ್ಯಾಗ ಒಬ್ಬಾಕಿ ಮೊಣಕಾಲೂರಿದ್ರ ಒಂದ ಮಾತೂ ಬರಂಗಿಲ್ಲ. ಎಷ್ಟೋ ವರ್ಷಾತು."

ಅವಳು ಆಗ ನನ್ನ ಕಡೆ ತಿರುಗಿದಳು. ಆಶ್ಚರ್ಯಪಡಲಿಲ್ಲ, ಉಪದೇಶ ಮಾಡಲಿಲ್ಲ. "ಅದನ್ನ ನಾ ದೇವರಿಗೆ ಹೇಳ್ತೇನ್ರಿ," ಎಂದಳು. ಮೋಟೆಬೆನ್ನೂರು ಬಂತು, ಇಳಿದು ಹೋದಳು.

ಅವತ್ತು ರಾತ್ರಿಯೂ ಮರುದಿನವೂ ಅವಳ ಗಂಡನಿಗಾಗಿ ಪ್ರಾರ್ಥಿಸಬೇಕೆಂದು ಮಂಚದ ಪಕ್ಕದಲ್ಲಿ ಮೊಣಕಾಲೂರಿದೆ. ಎಂದಿನಂತೆ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂಬುದು ನೆನಪಾಯಿತು, ಮೊಣಕಾಲು ನೋಯಿತು, ಎದ್ದೆ. ಕೊಟ್ಟ ಮಾತು ಮಾತ್ರ ಎದೆಯ ಮೇಲೆ ಕೂತಿತ್ತು. ಶುಕ್ರವಾರ ಬಂದಾಗ ನನ್ನ ಮನಸ್ಸು ಬಹಳ ಸಭ್ಯವಾಗಿ ಒಂದು ದಾರಿ ತೋರಿಸಿತು: ಮನೆಯಲ್ಲಿ ಆಗದ್ದನ್ನು ಅಲ್ಲಿ ಮಾಡು, ಹೆಸರು ಹೇಳದಿದ್ದರಾಯಿತು.

ಶೋಧನೆ ಎಂದರೆ, ಪಾಪಕ್ಕೆ ಎಳೆಯುವ ಆಮಿಷ ಎಂದರೆ, ಬಾಟಲಿ, ಇಸ್ಪೀಟು, ಕಂಡವರ ಸೊತ್ತು ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಿದವಳು ನಾನು. ನನ್ನ ಶೋಧನೆ ಸೆರಗು ಹೊದ್ದುಕೊಂಡು, ಕಣ್ಣು ಮುಚ್ಚಿಕೊಂಡು, ಕೈ ಜೋಡಿಸಿಕೊಂಡೇ ಬಂತು.

ಅವತ್ತು ತಂಗಿ ಬಂದಿರಲಿಲ್ಲ. ಸುಗ್ಗಿಯ ಕೆಲಸ. ನಾನು ಕಾಯಿಲೆಯವರಿಂದ ಶುರು ಮಾಡಿ, ಮಕ್ಕಳ ಪರೀಕ್ಷೆ ದಾಟಿ, ದನಿ ತಗ್ಗಿಸಿದೆ. "ಕರ್ತನೇ, ನಿನ್ನ ಒಬ್ಬ ಮಗನು ಬಿಟ್ಟು ಬಂದ ಹಳ್ಳಕ್ಕೆ ಮತ್ತೆ ಜಾರಿದ್ದಾನೆ." ಆಮೆನ್‌ಗಳು ಎದ್ದವು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ಎಷ್ಟು ಚೆಂದದ ಮಾತು ಎಂದು ನನಗೆ ಗೊತ್ತಾಯಿತು. ಅದು ಯಾರನ್ನು ತೋರಿಸುತ್ತದೆ ಎಂಬುದೂ ಗೊತ್ತಾಯಿತು. ನುಂಗಿಬಿಡಲು ಅರೆಕ್ಷಣದ ಹೊತ್ತು ಇತ್ತು, ಇರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ.

"ಊರ ಮಾಲನ್ನೆಲ್ಲ ತೂಗುವ ಆ ಕೈಯನ್ನು ನೀನೇ ಹಿಡಿದುಕೋ ತಂದೆಯೇ," ಎಂದೆ.

ಯಾರೋ ಬಿಕ್ಕಿದರು. ಅಷ್ಟು ಒಳ್ಳೆಯ ಪ್ರಾರ್ಥನೆಯನ್ನು ನಾನು ಎಂದೂ ಮಾಡಿರಲಿಲ್ಲ.

ಚಹಾ ಕುಡಿಯುವಾಗ ಒಬ್ಬರು ಬಸಿಗೆ ಸುರಿದುಕೊಂಡ ಚಹಾ ಊದುತ್ತ ಕೇಳಿದರು: "ಬ್ಯಾಡಗಿ ತಂಗಿ ಯಾಕ ಬಂದಿಲ್ರೀ ಇವತ್ತ?" ಎಲ್ಲರೂ ಒಮ್ಮೆಲೇ ಚುರುಮುರಿಯ ಕಡೆ ನೋಡಿದರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಇನ್ನೊಬ್ಬ ಹಿರಿಯರು, ಹೆಂಡತಿಯಿಂದ ಕೇಳಿದ್ದರೇನೋ, ನೇರವಾಗಿ ಹೋಗಿ ಅವಳ ಗಂಡನ ಹೆಗಲ ಮೇಲೆ ಕೈ ಇಟ್ಟರು. ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶ ಏನೂ ಇರಲಿಲ್ಲ. "ಧೈರ್ಯ ಬಿಡಬ್ಯಾಡಪಾ. ನಾವೆಲ್ಲಾರೂ ನಿನಗಾಗಿ ಪ್ರಾರ್ಥನಿ ಮಾಡಾಕತ್ತೀವಿ," ಎಂದರು. ಅವನು ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಹೆಂಗಸರ ಸಾಲಿನ ಆಚೆಯಿಂದ ನನ್ನ ಕಡೆ ನೋಡಿದಳು. ಬೈಗುಳ ಇದ್ದಿದ್ದರೆ ಸಹಿಸಬಹುದಿತ್ತು. ಆ ನೋಟದಲ್ಲಿ ಇನ್ನೂ ನಂಬಲಾರದ ಬೆರಗು ಇತ್ತು.

ಅದಾದ ಮೇಲೆ ಅವರಿಬ್ಬರೂ ಸಭೆಗೆ ಬರಲಿಲ್ಲ. ನಾನು ಫೋನು ಮಾಡಿದೆ, ಅವಳು ಎತ್ತಲಿಲ್ಲ. ಸಭೆಯಲ್ಲಿ ಯಾರೂ ನನ್ನನ್ನು ತಪ್ಪಿತಸ್ಥಳೆಂದು ಅನ್ನಲಿಲ್ಲ. ನಾನು ಪ್ರಾರ್ಥನೆಯನ್ನಲ್ಲವೆ ಮಾಡಿದ್ದು? ಚಾಡಿ ಹೇಳಿದ್ದರೆ ಯಾರಾದರೂ ತಡೆಯುತ್ತಿದ್ದರು. ಪ್ರಾರ್ಥನೆ ಮಾಡುವವಳ ಬಾಯಿಗೆ ಯಾರು ಕೈ ಅಡ್ಡ ಹಿಡಿಯುತ್ತಾರೆ?

ತಿಂಗಳ ಮೊದಲ ಭಾನುವಾರ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಬಂತು. ಮನಸ್ತಾಪ ಇಟ್ಟುಕೊಂಡು ಇದಕ್ಕೆ ಬರಬೇಡಿರಿ, ಮೊದಲು ಹೋಗಿ ಸರಿಮಾಡಿಕೊಳ್ಳಿರಿ ಎಂದು ಪಾಸ್ಟರು ಪ್ರತಿ ಸಲದಂತೆ ಹೇಳಿದರು. ಪಾತ್ರೆ ನನ್ನ ಹತ್ತಿರ ಬಂತು. ಬೇಡವೆಂದು ಮುಂದೆ ದಾಟಿಸಬೇಕಿತ್ತು. ದಾಟಿಸಿದರೆ ಪಕ್ಕದವರು ಯಾಕೆ ಎಂದಾರು ಎಂದು ಕುಡಿದೆ. ಆ ಒಂದು ಗುಟುಕು ಈಗಲೂ ನನ್ನ ಗಂಟಲಲ್ಲಿದೆ.

ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಶುಕ್ರವಾರದ ಕೂಟದಲ್ಲಿ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡರೆ ಹೇಗೆ ಎಂದು ಯೋಚಿಸಿದೆ. ಯೋಚಿಸುತ್ತಿದ್ದಂತೆಯೇ ಮನಸ್ಸು ಪದ ಜೋಡಿಸತೊಡಗಿತು. ಎಲ್ಲಿ ದನಿ ನಡುಗಬೇಕು, ಎಲ್ಲಿ ತಡೆಯಬೇಕು, ಎಲ್ಲ ತಯಾರಾಯಿತು. ನನ್ನ ಪಶ್ಚಾತ್ತಾಪಕ್ಕೂ ಆಮೆನ್ ಬೇಕಾಗಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಎಲ್ಲವನ್ನೂ ಗಂಡನಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. "ನಾಳೆ ಬ್ಯಾಡಗಿ ಬಸ್ಸು ಹತ್ತು," ಎಂದಷ್ಟೇ ಅಂದರು.

ಹೋದೆ. ಬ್ಯಾಡಗಿಯಲ್ಲಿ ಇಳಿಯುತ್ತಿದ್ದ ಹಾಗೆಯೇ ಘಾಟು ಮೂಗಿಗೆ ಬಡಿಯಿತು. ತಂಗಿ ಮನೆಯ ನಡುವೆ ಕೆಂಪು ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. "ಬರ್ರಿ," ಎಂದಳು. ಯಾವಾಗಲೂ ಹಿಂದೆ ಬರುವ 'ಅಕ್ಕಾರ' ಬರಲಿಲ್ಲ. ನಾನು ಎದುರಿಗೆ ಕೂತೆ. ಏನು ಹೇಳಬೇಕೆಂದು ತಿಳಿಯದೆ, ಹಾಳು ಅಭ್ಯಾಸ, ಸೆರಗು ತಲೆಗೆ ಎಳೆದುಕೊಂಡು, "ಮೊದಲ ಒಂದು ಪ್ರಾರ್ಥನಿ ಮಾಡೋಣೇನು ತಂಗೀ?" ಎಂದೆ.

ಅವಳ ಕೈ ನಿಂತಿತು. "ಬ್ಯಾಡ್ರಿ," ಎಂದಳು. "ಏನ್ ಹೇಳಾಕ ಬಂದೀರಿ, ನನಗ ಹೇಳ್ರಿ. ದೇವರಿಗೆ ಹೇಳಿದಂಗ ಮಾಡಿ ನನಗ ಕೇಳಸಬ್ಯಾಡ್ರಿ."

ಸೆರಗು ಇಳಿಸಿದೆ. ನನ್ನ ಕಣ್ಣಲ್ಲಿ ನೀರು ಸುರಿಯತೊಡಗಿತು, ಅದನ್ನು ಅವಳು ನೋಡಲಿ ಎಂದು ಒರೆಸಿಕೊಳ್ಳಲೂ ಇಲ್ಲ. ಅವಳು ಮತ್ತೆ ತೊಟ್ಟು ಮುರಿಯುತ್ತ ಹೇಳಿದಳು, "ಘಾಟಿಗೆ ಬರ್ತಾವ್ರಿ. ಬಂದವರಿಗೆಲ್ಲಾ ಬರ್ತಾವ."

ಆಮೇಲೆ ಚೆಂದದ ಮಾತು ಒಂದೂ ಉಳಿಯಲಿಲ್ಲ. "ತಪ್ಪಾತು," ಎಂದೆ. "ಹೆಸರು ಹೇಳಲಿಲ್ಲ ಅಂತ ನನಗ ನಾನ ಸಮಾಧಾನ ಮಾಡ್ಕೊಂಡೆ. ಎಲ್ಲಾರಿಗೂ ತಿಳೀತೈತಿ ಅಂತ ಗೊತ್ತಿತ್ತು. ಗೊತ್ತಿದ್ದೂ ಅಂದೆ."

"ನಾ ನಿಮಗ ಹೇಳೇನಿ ಅಂತ ಅವರಿಗೆ ತಿಳದ ದಿನದಿಂದ ನನ್ನ ಕೂಡ ಮನಸ್ ಬಿಚ್ಚಿ ಮಾತಾಡಂಗಿಲ್ರಿ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಅವಳ ಗಂಡ ಊಟಕ್ಕೆ ಬಂದ. ನನ್ನನ್ನು ಕಂಡು, "ಬಂದೀರೇನ್ರಿ ಅಕ್ಕಾರ, ಕುಂದ್ರಿ," ಎಂದು ಅಂಗಳದಲ್ಲೇ ನಿಂತುಬಿಟ್ಟ. ನಾನಿರುವವರೆಗೆ ತನ್ನ ಮನೆಯ ಒಳಗೆ ಅವನು ಬರುವುದಿಲ್ಲ ಎಂಬುದು ತಿಳಿಯಿತು. ಹೊರಗೆ ಹೋಗಿ, "ತಪ್ಪಾತು ತಮ್ಮಾ," ಎಂದೆ. ಕೊನೆಯ ಬೆಂಚಿನವರೆಗೆ ಮುಟ್ಟುವ ನನ್ನ ದನಿ ಎರಡು ಮಾರು ದೂರಕ್ಕೂ ಸರಿಯಾಗಿ ಮುಟ್ಟಲಿಲ್ಲ.

ಅವನು ಅಂಗಿಯ ತೋಳಿಗೆ ಹತ್ತಿದ ಕೆಂಪು ಪುಡಿಯನ್ನು ಝಾಡಿಸುತ್ತ ಹೇಳಿದ: "ನಾ ಒಂದ ದಿನ ಕುಡುದಿದ್ದೆ ಅಕ್ಕಾರ. ಈಗ ಮಂದಿ ಬಾಯಾಗ ದಿನಾ ಕುಡ್ಯಾಕತ್ತೇನಿ." ಅದನ್ನು ಸಿಟ್ಟಿನಿಂದ ಹೇಳಲಿಲ್ಲ.

ಆ ಮೇಲಿನ ಶುಕ್ರವಾರ ಪಾಸ್ಟರ ಹೆಂಡತಿ ನನ್ನ ಕಡೆ ನೋಡಿದಾಗ ತಲೆ ಅಲ್ಲಾಡಿಸಿದೆ. ಗಂಟಲು ನೋವೇ ಎಂದು ಕೇಳಿದರು. ನೋವಲ್ಲ, ಇನ್ನು ನಾನು ಗಟ್ಟಿಯಾಗಿ ಪ್ರಾರ್ಥಿಸುವುದಿಲ್ಲ, ಆ ಮನೆಯ ವಿಷಯ ನಾನು ಆಡಬಾರದಿತ್ತು, ಇನ್ನು ಯಾರೂ ಆಡಬೇಡಿರಿ ಎಂದು ಹೇಳಿದೆ. ಇಷ್ಟನ್ನು ಕಣ್ಣು ತೆರೆದೇ ಹೇಳಿದೆ. ಯಾರೂ ಆಮೆನ್ ಅನ್ನಲಿಲ್ಲ. ಈಗ ಬೇರೊಬ್ಬರು ಪ್ರಾರ್ಥಿಸುತ್ತಾರೆ. ತಡವರಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ನಾನು ಒಳಗೊಳಗೇ ಅವರ ವಾಕ್ಯ ತಿದ್ದುತ್ತೇನೆ, ಆಮೇಲೆ ನಾಚುತ್ತೇನೆ.

ಈಸ್ಟರ್ ಕಳೆದು ಕೆಲವು ವಾರಗಳಾದ ಮೇಲೆ ಒಂದು ಶುಕ್ರವಾರ ಹಾಡು ನಡೆಯುತ್ತಿದ್ದಾಗ ತಂಗಿ ಬಂದಳು. ಒಬ್ಬಳೇ. ಬಾಗಿಲ ಹತ್ತಿರ ಕೂತಳು. ಕಷ್ಟಗಳನ್ನು ಹೇಳಿಕೊಳ್ಳುವ ಹೊತ್ತು ಬಂತು. ಒಬ್ಬರ ಮಂಡಿನೋವು, ಒಬ್ಬರ ಸೊಸೆಯ ಹೆರಿಗೆ, ಒಬ್ಬರ ಮಗನ ವರ್ಗಾವಣೆ. ಪಾಸ್ಟರ ಹೆಂಡತಿ ಕಡೆಗೆ ಅವಳನ್ನು ಕೇಳಿದರು, "ನಿಂದೇನರ ಐತೇನವ್ವಾ?"

ಅವಳು ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದಳು. ಬಸ್ಸಿನಲ್ಲಿ ನಾನು ಕೊಟ್ಟದ್ದು ಆಗ ನೆನಪಾಯಿತು. ಅದು ಅವಳ ಹತ್ತಿರವೇ ಇತ್ತು. ಇಷ್ಟು ವರ್ಷ ನಿಮ್ಮನ್ನೆಲ್ಲ ಅಳಿಸಿದವರಿಗೆ ಮನೆಯಲ್ಲಿ ಒಂದು ಮಾತೂ ಬರುವುದಿಲ್ಲವಂತೆ, ಅವರಿಗಾಗಿ ಪ್ರಾರ್ಥಿಸೋಣ ಎಂದು ಅವಳು ಹೇಳಬಹುದಿತ್ತು. ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಹೇಳಲಿ, ನನಗೆ ಬರಬೇಕಾದದ್ದೇ ಎಂದುಕೊಂಡು ಸೆರಗಿನ ತುದಿ ಬಿಗಿಯಾಗಿ ಹಿಡಿದು ಕೂತೆ.

"ಏನಿಲ್ರಿ," ಎಂದು ಅವಳು ಕಣ್ಣು ಮುಚ್ಚಿದಳು.

ಕೂಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಗದ್ದಲದಲ್ಲಿ ನಾನು ಅವಳ ಪಕ್ಕಕ್ಕೆ ಹೋದೆ. "ಮನಿಯವ್ರು ಬರ್ತಾರೇನು ತಂಗೀ?" ಎಂದು ಕೇಳಿದೆ.

"ಇನ್ನಾ ಇಲ್ರಿ. ಕುಡದಿಲ್ಲ. ಆದ್ರ ಬರವಲ್ರು." ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡು ಎದ್ದಳು. ಅತ್ತಿತ್ತ ನೋಡಿದಳು. ಯಾರೂ ಹತ್ತಿರ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅಕ್ಕಾರ, ಮನ್ಯಾಗ ನಿಮಗ ಪ್ರಾರ್ಥನಿ ಬರಾಕತ್ತೈತೇನ್ರಿ? ನಾ ದಿನಾ ದೇವರನ್ನ ಕೇಳಾಕತ್ತೇನಿ, ಅದಕ್ಕ ಕೇಳಿದೆ."

ದಿನಾ. ಫೋನು ಎತ್ತದ ದಿನಗಳಲ್ಲೂ. ಗಂಡ ಅವಳ ಜೊತೆ ಮನಸ್ಸು ಬಿಚ್ಚಿ ಮಾತಾಡದ ದಿನಗಳಲ್ಲೂ. ಅವಳು ಮಂಗಳವಾರ ಕೊಟ್ಟದ್ದನ್ನು ನಾನು ಶುಕ್ರವಾರದವರೆಗೆ ಇಟ್ಟುಕೊಳ್ಳಲಾರದೆ ಹೋಗಿದ್ದೆ.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಬರತೈತಿ ಬಿಡ್ರಿ," ಎಂದು ಅವಳು ಬಸ್ಸಿಗೆ ಹೊರಟಳು.