ಹೆಣ್ಣುಮಕ್ಕಳ ಸಹಿ ಇಲ್ಲದ ಕಾಗದ

ಶಾಲೆಯ ಹೆಡ್‌ಮೇಡಂ "ತಾಯಿಯನ್ನು ಕರೆದುಕೊಂಡು ಬನ್ನಿ" ಎಂದಾಗ ಸಾಕಮ್ಮ ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಆರು ವರ್ಷದ ಚಿನ್ನುವಿನ ಕೈ ಅವಳ ಮುಷ್ಟಿಯಲ್ಲಿತ್ತು.

"ನಾನೇ ಕಣ್ರೀ ತಾಯಿ."

"ಇಲ್ಲಿ ಸುಕನ್ಯ ಅಂತ ಇದೆಯಲ್ಲಮ್ಮ," ಎಂದು ಅವರು ಜನನ ಪ್ರಮಾಣಪತ್ರವನ್ನು ಅವಳತ್ತ ತಿರುಗಿಸಿದರು. "ಒಂದನೇ ತರಗತಿಗೆ ಇದರಲ್ಲಿರೋ ಹೆಸರನ್ನೇ ಬರೀಬೇಕು. ದತ್ತು ಪತ್ರ ಇದ್ದರೆ ತನ್ನಿ. ಎರಡು ತಿಂಗಳು ಟೈಮ್ ಕೊಡ್ತೀನಿ, ಮಗು ಕ್ಲಾಸಿನಲ್ಲಿ ಕೂತಿರಲಿ."

ಪಿರಿಯಾಪಟ್ಟಣದ ಆ ಶಾಲೆಯಿಂದ ಊರಿಗೆ ಬರುವ ಬಸ್ಸಿನಲ್ಲಿ ಸಾಕಮ್ಮ ಚಿನ್ನುವಿನ ಕೈ ಬಿಡಲಿಲ್ಲ. ಸುಕನ್ಯ ಅವಳ ಒಡಹುಟ್ಟಿದ ತಂಗಿ.

ಸಾಕಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು. ಗಂಡ ನಟರಾಜು ಎರಡೂವರೆ ಎಕರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ ದರ್ಜೆ ಮಾಡುವುದರಲ್ಲಿ ಅವಳನ್ನು ಮೀರಿಸಿದವರು ಸುತ್ತಮುತ್ತ ಇಲ್ಲ. ಹತ್ತು ಎಲೆ ಒಟ್ಟಿಗೆ ಎತ್ತಿ ಹಿಡಿದರೆ, ಯಾವುದು ಗಿಡದ ಬುಡದ ಎಲೆ, ಯಾವುದು ತುದಿಯದು ಎಂದು ನಿಂತಲ್ಲೇ ಹೇಳುತ್ತಾಳೆ. ಮದುವೆಯಾಗಿ ಹದಿನೈದು ವರ್ಷವಾದರೂ ಮಕ್ಕಳಾಗಲಿಲ್ಲ. ಬೀಚನಹಳ್ಳಿಗೆ ಕೊಟ್ಟ ತಂಗಿಗೆ ಸಾಲಾಗಿ ಮೂರು ಹೆಣ್ಣಾದವು. ಮೂರನೆಯದು ಹುಟ್ಟಿದ ನಲವತ್ತನೇ ದಿನಕ್ಕೆ ನಟರಾಜುವೂ ತಂಗಿಯ ಗಂಡ ಚೆಲುವರಾಜುವೂ ಮಾತಾಡಿಕೊಂಡರು. ನೋಟರಿಯ ಬಳಿ ಹೋಗಿ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ ಬಂದರು. ಮಾರನೆಯ ದಿನ ಮಗು ಸಾಕಮ್ಮನ ಮನೆಗೆ ಬಂತು. ಆ ಕಾಗದವನ್ನು ಅವಳು ಮದುವೆ ಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿನಲ್ಲಿ ಭದ್ರಮಾಡಿದಳು.

ಮಗು ಬೆಳೆಯಿತು. ಜೊತೆಗೆ ಸಾಕಮ್ಮನ ಹೊಟ್ಟೆಯುರಿಯೂ ಬೆಳೆಯಿತು.

ಎಲೆಯ ಬಣ್ಣದ ಎಳೆಯಷ್ಟು ವ್ಯತ್ಯಾಸವನ್ನೂ ಬಿಡದ ಕಣ್ಣು ಅವಳದು. ಅದೇ ಕಣ್ಣಿಗೆ ಚಿನ್ನು ನಗುವಾಗ ಬಲಗೆನ್ನೆಯಲ್ಲಿ ಬೀಳುವ ಗುಳಿ ತಂಗಿಯದೆಂದು ಕಾಣದೆ ಇರುತ್ತದೆಯೇ? ಸುಕನ್ಯ ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದಳು. ಬಂದಾಗಲೆಲ್ಲ ಚಿನ್ನುವಿನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವಳು ಬಸ್ಸು ಹತ್ತಿ ಹೋದ ಮೇಲೆ ಸಾಕಮ್ಮ ಆ ಜಡೆ ಬಿಚ್ಚಿ ತಾನೇ ಮತ್ತೆ ಹೆಣೆಯುತ್ತಿದ್ದಳು.

"ಚೆನ್ನಾಗಿತ್ತಲ್ಲವ್ವ," ಎಂದು ಚಿನ್ನು ಒಮ್ಮೆ ಕೇಳಿದ್ದಳು. "ಚಿಕ್ಕಿ ಜಡೆ ಹಾಕಿದ್ರೆ ನೋಯಲ್ಲ. ನೀನು ಎಳೀತೀಯ."

ಆ ಮಾತನ್ನು ಸಾಕಮ್ಮ ಎಷ್ಟೋ ದಿನ ಒಳಗೇ ಇಟ್ಟುಕೊಂಡು ಬೆಂದಳು. ಅಂದಿನಿಂದ ತಂಗಿಯ ಫೋನ್ ಬಂದರೆ, ಮಗು ಎದುರಿಗೇ ಕೂತು ಉಣ್ಣುತ್ತಿದ್ದರೂ "ಮಲ್ಗವ್ಳೆ ಕಣೇ" ಎನ್ನುವುದನ್ನು ರೂಢಿ ಮಾಡಿಕೊಂಡಳು. ಚಿನ್ನು ತುತ್ತು ಕೈಯಲ್ಲಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಶಾಲೆಯ ಫಾರಂನಲ್ಲಿ ತಾಯಿಯ ಹೆಸರಿನ ಮುಂದೆ ಸುಕನ್ಯ ಎಂದು ಬರೆಯುವುದೇ? ನಟರಾಜು ಟ್ರಂಕಿನಿಂದ ನೋಟರಿ ಕಾಗದ ತೆಗೆದುಕೊಂಡು ಹೋಗಿ ತೋರಿಸಿದ. ಹೆಡ್‌ಮೇಡಂ ಓದಿ, ಇದು ನಡೆಯುವುದಿಲ್ಲ ಎಂದು ವಾಪಸು ಕೊಟ್ಟರು.

ತಾಲ್ಲೂಕು ಕಚೇರಿಯ ಬಳಿ ಅರ್ಜಿ ಬರೆದುಕೊಡುವ ಕಂಠಪ್ಪ ಎಂಬವನಿದ್ದ. ಸಾಕಮ್ಮ ಗಂಡನನ್ನು ಕರೆದುಕೊಂಡು ಅವನ ಮೇಜಿನ ಮುಂದೆ ನಿಂತಳು. ಅವನು ಎಲ್ಲ ಕೇಳಿಸಿಕೊಂಡು ದನಿ ತಗ್ಗಿಸಿದ.

"ದತ್ತು ಗಿತ್ತು ಅಂತ ಯಾಕಕ್ಕ ಒದ್ದಾಡ್ತೀಯ? ಮನೇಲೇ ಎರಿಗೆ ಆಯ್ತು, ಬರ್ಸೋದು ಮರ್ತಿದ್ದೋ ಅಂತ ಏಳ್ಬುಡವ. ನಿನ್ ಎಸ್ರಿಗೇ ಬ್ಯಾರೆ ಜನನ ಪತ್ರ ತೆಗ್ಸಿ ಕೊಡ್ತೀನಿ."

"ಅದ್ರಲ್ಲಿ ನನ್ ತಂಗಿ ಎಸ್ರು?"

"ಎಲ್ಲೂ ಇರಕ್ಕಿಲ್ಲ ಬುಡು."

ಆ ಮಾತು ಸಾಕಮ್ಮನಿಗೆ ಬೆಲ್ಲ ಮೆದ್ದಷ್ಟು ಸಿಹಿಯಾಯಿತು. ಆಧಾರ್ ಕಾರ್ಡಿನ ಜೆರಾಕ್ಸ್ ಅಲ್ಲೇ ಕೊಡಲು ಕೈ ಚೀಲಕ್ಕೆ ಹೋಯಿತು. ನಟರಾಜು ಆ ಕೈ ಹಿಡಿದುಕೊಂಡ.

"ತಡೀ. ಒಬ್ಬ ಲಾಯರ್‌ನ ಒಂದ್ ಮಾತು ಕೇಳ್ಮ."

"ಯಾಕೆ, ನಿಮ್ಗೆ ನನ್ ತಂಗಿ ಎಸ್ರು ಇರ್ಬೇಕಾ?"

"ನಂಗೆ ಮಗು ಇರ್ಬೇಕು ಕಣೇ. ಸುಳ್ಳು ಕಾಗ್ದ ಮಾಡ್ಸಿ, ನಾಳೆ ಯಾರಾದ್ರೂ ಹಿಡ್ಕಂಡ್ರೆ ಮೊದ್ಲು ಕಳ್ಕಳ್ಳೋದು ಅವಳ್ನೇಯ."

ಹುಣಸೂರಿನಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಸೋಮಯ್ಯ ಎಂಬ ವಕೀಲರಿದ್ದರು. ಅರವತ್ತು ದಾಟಿದವರು. ಸಾಕಮ್ಮನೊಂದಿಗೆ ಒಳಗೆ ಹೋದೊಡನೆ ನಟರಾಜು ಕೇಳಿದ್ದು, "ಸಾ, ವಕಾಲತ್ತಿಗೆ ಎಲ್ಲಿ ಸೈನ್ ಹಾಕ್ಬೇಕು?"

"ಕೂತ್ಕೊಳಪ್ಪ. ಇದು ಕೇಸಲ್ಲ, ವಕಾಲತ್ತು ಬೇಡ. ಮಗು ಯಾರದು, ಹೆತ್ತವರಿಬ್ಬರೂ ಇದ್ದಾರಾ, ನಿಮಗೆ ಬೇರೆ ಹೆಣ್ಣುಮಗು ಇದೆಯಾ, ಮೊದಲು ಹೇಳು. ಆಮೇಲೆ ನಾನು ಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ."

ಕಂಠಪ್ಪ ಹೇಳಿದ ದಾರಿಯ ಮಾತನ್ನು ಸಾಕಮ್ಮನೇ ತೆಗೆದಳು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಡಿಸಮ್ಮ. ಆಸ್ಪತ್ರೆಯಲ್ಲಿ ಹುಟ್ಟಿದ ದಾಖಲೆ ಒಂದು, ಮನೆಯಲ್ಲಿ ಹುಟ್ಟಿದ ದಾಖಲೆ ಇನ್ನೊಂದು. ಒಂದು ಮಗು ಎರಡು ಸಲ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಉತ್ತರ ಕೊಡಬೇಕಾದವಳು ನೀನು, ಆ ಕಂಠಪ್ಪ ಅಲ್ಲ."

ಸಾಕಮ್ಮ ತಲೆ ತಗ್ಗಿಸಿದಳು. ನಟರಾಜು ನೋಟರಿ ಕಾಗದ ಬಿಡಿಸಿ ಮುಂದಿಟ್ಟ. ಅವರು ಅದನ್ನು ಎರಡು ಸಲ ಓದಿದರು.

"ಇಲ್ಲಿ ನಿನ್ನ ಸಹಿ ಇದೆ, ಚೆಲುವರಾಜು ಸಹಿ ಇದೆ. ಹೆಣ್ಣುಮಕ್ಕಳೆಲ್ಲಿ?"

"ಅವ್ರು ಮನೇಲಿದ್ರು ಸಾ."

"ಹೆತ್ತವಳ ಒಪ್ಪಿಗೆ ಇಲ್ಲ, ಸಾಕೋಳ ಒಪ್ಪಿಗೆಯೂ ಇಲ್ಲ. ಇಬ್ಬರು ಗಂಡಸರು ಹೋಗಿ ಹೋರಿ ವ್ಯಾಪಾರ ಮಾಡಿದ ಹಾಗೆ ಬರೆಸಿಕೊಂಡು ಬಂದಿದ್ದೀರಿ." ಅವರು ಸಾಕಮ್ಮನ ಕಡೆ ತಿರುಗಿದರು. "ನೋಡಮ್ಮ, ಹೆತ್ತವರು ತಮ್ಮ ಕೈಯಾರೆ ಮಗುವನ್ನು ಕೊಡಬೇಕು, ನೀವು ಕೈಯಾರೆ ತಗೊಳ್ಳಬೇಕು. ದತ್ತು ಅಂದರೆ ಅದೇ. ಪತ್ರ ಬರೆದು ನೋಂದಣಿ ಮಾಡಿಸುವುದು ಅದಕ್ಕೆ ಸಾಕ್ಷಿ. ನನಗೆ ಕಾಣೋ ಮಟ್ಟಿಗೆ ನಿನ್ನ ತಂಗಿ ಇನ್ನೂ ಮಗುವನ್ನು ಕೊಟ್ಟೇ ಇಲ್ಲ."

ಆರು ವರ್ಷ ಉಣಿಸಿ, ಮೀಯಿಸಿ, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಕೂತವಳಿಗೆ ಆ ಮಾತು ಎದೆಗೆ ಚುಚ್ಚಿತು. ಕೊಟ್ಟೇ ಇಲ್ಲ. ಅಂದರೆ, ಈಗ ತಂಗಿ ಕೊಡುವುದಿಲ್ಲ ಎಂದರೆ?

"ಅವ್ಳು ಇಲ್ಲಿಗೆ ಬರ್ದೇನೆ ಮಾಡಕ್ಕಾಯ್ತದಾ ಸಾ? ನೀವೇ ಕಾಗ್ದ ಕಳ್ಸಿ ಸೈನ್ ಆಕ್ಸಿ."

"ಆಗಲ್ಲ."

"ಓಗ್ಲಿ, ಇನ್ಮೇಲೆ ನಮ್ ಮನೆ ಹೊಸ್ಲು ತುಳೀಬಾರ್ದು ಅಂತಾನಾದ್ರೂ ಬರೀರಿ."

ವಕೀಲರು ನೋಟರಿ ಕಾಗದವನ್ನು ಮಡಿಸಿ ನಟರಾಜುವಿನ ಕೈಗೆ ಕೊಟ್ಟರು. "ಪತ್ರ ಆದ ಮೇಲೆ ಮಗು ನಿನ್ನದು. ಅವಳು ವಾಪಸು ಕೇಳೋ ಹಾಗಿಲ್ಲ, ನೀನೂ ವಾಪಸು ಕೊಡೋ ಹಾಗಿಲ್ಲ. ಅಷ್ಟನ್ನು ಕಾನೂನು ಮಾಡುತ್ತೆ. ಅಕ್ಕತಂಗಿಯರ ಹೊಸ್ತಿಲಿನ ವಿಷಯಕ್ಕೆ ನಾನು ಫೀಸು ತಗೊಳ್ಳಲ್ಲ."

ಕೆಳಗಿಳಿದು ಬಂದ ಮೇಲೆ ನಟರಾಜು, "ಇವ್ರೇ ಆಗ್ಲಿ. ಆಗಲ್ಲ ಅನ್ನೋದ್ನ ಆಗಲ್ಲ ಅಂದ್ರು," ಎಂದ. ಸಾಕಮ್ಮ ಬೇಡವೆನ್ನಲಿಲ್ಲ. ಆದರೆ ತಂಗಿಗೆ ಫೋನ್ ಮಾಡಲು ನಾಲ್ಕು ದಿನ ಹಿಡಿಯಿತು. ಸುಕನ್ಯ ಆ ಕಡೆಯಿಂದ "ಎಂದು ಬರ್ಬೇಕಕ್ಕ?" ಎಂದು ಮಾತ್ರ ಕೇಳಿದಳು. ಅಷ್ಟು ಬೇಗ ಒಪ್ಪಿದ್ದೂ ಸಾಕಮ್ಮನಿಗೆ ಸರಿಬೀಳಲಿಲ್ಲ. "ಏನೋ ಮಡಿಕ್ಕಂಡವ್ಳೆ ಮನ್ಸಲ್ಲಿ," ಎಂದು ಗಂಡನ ತಲೆ ತಿಂದಳು.

ಜುಲೈ ಕೊನೆಯ ಸೋಮವಾರ, ಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಮೊದಲ ಸರದಿ ಮುಗಿದ ಮೇಲೆ ಎರಡೂ ಮನೆಯವರು ಹುಣಸೂರಿನಲ್ಲಿ ಸೇರಿದರು. ಸುಕನ್ಯ ಹೊಸ ಹಸಿರು ಸೀರೆ ಉಟ್ಟಿದ್ದಳು. ಚಿನ್ನು ಅವಳನ್ನು ಕಂಡದ್ದೇ "ಚಿಕ್ಕೀ" ಎಂದು ಓಡಿದಳು. ಎಷ್ಟು ಜೋರಾಗಿ ಓಡಿದಳು ಎಂಬುದನ್ನು ಸಾಕಮ್ಮ ಗಮನಿಸಿದಳು. ತಾನು ಶಾಲೆಯ ಗೇಟಿನಲ್ಲಿ ನಿಂತಾಗ ಹೀಗೆ ಓಡಿಬರುತ್ತಾಳೆಯೇ ಎಂದು ನೆನೆಸಿಕೊಂಡಳು.

ವಕೀಲರು ಪತ್ರದ ಕರಡನ್ನು ಗಟ್ಟಿಯಾಗಿ ಓದಿದರು. ಹೆತ್ತ ತಾಯಿ ಸುಕನ್ಯ ಎಂಬ ಸಾಲು ಬಂದಾಗ ಸಾಕಮ್ಮ ಕಿಟಕಿಯ ಕಡೆ ನೋಡಿದಳು. ತನ್ನನ್ನು ತಾಯಿ ಮಾಡುವ ಕಾಗದದಲ್ಲೂ ಆ ಹೆಸರು ಮೊದಲು ಬರುತ್ತದೆ. ಓದಿ ಮುಗಿಸಿ ಅವರು, "ಮಗುವಿನ ಹತ್ತಿರ ಎರಡು ಮಾತಾಡಬೇಕು. ಇದು ನನ್ನ ಪದ್ಧತಿ," ಎಂದು ಚಿನ್ನುವನ್ನು ಪುಸ್ತಕದ ಬೀರುವಿನ ಆಚೆ ಕರೆದುಕೊಂಡು ಹೋದರು. ಅಡ್ಡ ಇದ್ದದ್ದು ಆ ಬೀರು ಒಂದೇ. ಮಾತೆಲ್ಲ ಈಚೆಗೆ ಕೇಳುತ್ತಿತ್ತು.

"ಇವತ್ತು ಯಾಕೆ ಬಂದಿದ್ದೀವಿ, ಗೊತ್ತೇನಮ್ಮ?"

"ಗೊತ್ತು ತಾತ. ಸ್ಕೂಲ್ಗೆ ಅವ್ವನ ಹೆಸ್ರು ಬರ್ಸಕ್ಕೆ."

"ಮತ್ತೆ ಚಿಕ್ಕಿ ಯಾಕೆ ಬಂದಿದ್ದಾರೆ?"

ಮಗು ದನಿ ಇಳಿಸಿತು. ಇಳಿಸಿದರೂ ಕೇಳಿಸಿತು. "ನನ್ನ ಹೆತ್ತಿದ್ದು ಚಿಕ್ಕಿ. ಅಂಗನವಾಡೀಲಿ ಅಡ್ಗೆ ಮಾಡೋ ಮರಮ್ಮಜ್ಜಿ ಹೇಳಿದ್ರು. ನಂಗೆ ಗೊತ್ತು ಅಂತ ಅವ್ವಂಗೆ ಗೊತ್ತಿಲ್ಲ. ನೀವು ಹೇಳ್ಬೇಡಿ ತಾತ, ಅವ್ವ ಊಟ ಬಿಡ್ತದೆ."

ಈಚೆ ಚೆಲುವರಾಜು ಚಪ್ಪಲಿಯ ಉಂಗುಟವನ್ನು ನೋಡುತ್ತ ಕೂತ. ಯಾವ ಮಾತು ಮಗುವಿನ ಕಿವಿಗೆ ಬೀಳಬಾರದೆಂದು ಸಾಕಮ್ಮ ಆರು ವರ್ಷ ಬಾಗಿಲು ಕಾದಿದ್ದಳೋ, ಆ ಮಾತು ಯಾವಾಗಲೋ ಒಳಗೆ ಬಂದು ಕೂತಿತ್ತು. ಗೊತ್ತಿದ್ದೂ ಚಿನ್ನು ಅವಳನ್ನು ದಿನಾ ಅವ್ವ ಎಂದು ಕರೆದಿದ್ದಳು. "ಮಲ್ಗವ್ಳೆ" ಎಂದು ಫೋನಿನಲ್ಲಿ ಸುಳ್ಳು ಹೇಳಿದಾಗ ಉಸಿರೆತ್ತದೆ ತುತ್ತು ಹಿಡಿದು ಕೂತದ್ದು ಈಗ ನೆನಪಾಯಿತು.

ಚಿನ್ನು ಬೀರುವಿನ ಮರೆಯಿಂದ ಬಂದಳು. ಇಬ್ಬರು ಸಾಕ್ಷಿಗಳನ್ನು ಒಳಗೆ ಕರೆಸಿ ಸೋಮಯ್ಯ ಹೇಳಿದರು, "ಸುಕನ್ಯಮ್ಮ, ಚೆಲುವರಾಜು, ಮಗುವನ್ನು ಕೊಡಿ."

ಸುಕನ್ಯ ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸಾಕಮ್ಮನ ಕಣ್ಣು ತಂಗಿಯ ಕೈಯ ಮೇಲಿತ್ತು. ಆ ಕೈ ಮಗುವಿನ ಹೊಟ್ಟೆಯ ಸುತ್ತ ಬಿಗಿದು ನಿಂತಿತು. ಬಿಡುತ್ತಿಲ್ಲ, ಎಂದುಕೊಂಡಳು. ಆಮೇಲೆ ಸುಕನ್ಯ ಎದ್ದು ಮಗುವನ್ನು ಎತ್ತಿಕೊಂಡಳು, ಭಾರಕ್ಕೆ ತೂರಾಡಿದಳು.

"ಏನ್ ತಿನ್ಸಿದ್ದೀಯೇ ಅಕ್ಕ, ಈಪಾಟಿ ಭಾರ!" ಎಂದು ನಕ್ಕಳು. ಬಲಗೆನ್ನೆಯ ಗುಳಿಯ ಮೇಲೆ ನೀರು ಇಳಿಯುತ್ತಿತ್ತು. "ನನ್ ಮನೇಲಿರೋ ಎರಡೂ ಕಡ್ಡಿ ಇದ್ದಂಗವೆ. ನಂಗೆ ನಿನ್ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ಇವ್ಳು ನನ್ನ ಅವ್ವ ಅಂತ ಒಂದ್ಸಲ ಕೂಗ್ಲಿ ಅಂತ ಕಾಯ್ತಿದ್ದೆ. ಕೂಗ್ಲಿಲ್ಲ. ತಕ್ಕೊ."

ಸಾಕಮ್ಮ ಮಗುವನ್ನು ತೆಗೆದುಕೊಂಡಳು. ಅವಳಿಗೂ ಭಾರವಾಯಿತು. ಇಳಿಸಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ ಎಲ್ಲ ಆಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಈ ಸಲ ಹೆಣ್ಣುಮಕ್ಕಳಿಬ್ಬರೂ ಸಹಿ ಹಾಕಿದರು. ಪತ್ರದ ನಕಲನ್ನು ಶಾಲೆಗೆ ಕೊಡುವಂತೆ ವಕೀಲರು ಹೇಳಿದರು. ಜನನ ಪ್ರಮಾಣಪತ್ರದಲ್ಲಿ ಹೆಸರು ಬದಲಾಯಿಸಲು ಬೇರೆ ಅರ್ಜಿ ಹಾಕಬೇಕು, ಅದನ್ನು ಮುಂದಿನ ವಾರ ಬರೆದುಕೊಡುತ್ತೇನೆ ಎಂದರು.

ಬಸ್ ನಿಲ್ದಾಣದಲ್ಲಿ ಗಂಡಸರು ಟೀ ಕುಡಿಯಲು ಹೋದರು. ಕಲ್ಲು ಬೆಂಚಿನ ಮೇಲೆ ಅಕ್ಕತಂಗಿಯರ ನಡುವೆ ಚಿನ್ನು ಕೂತಿದ್ದಳು.

"ಇನ್ಮೇಲೆ ಬರ್ಬೇಡ ಅಂದ್ರೆ ಬರಲ್ಲ ಅಕ್ಕ," ಎಂದಳು ಸುಕನ್ಯ. "ಆದ್ರೆ ಅಪ್ಪ ಅವ್ವ ಹೋದ್ಮೇಲೆ ನಂಗೆ ತವರು ಅಂತ ಇರೋದು ನಿನ್ ಮನೆ ಒಂದೇಯ. ಇವಳ್ನ ನೋಡಕ್ಕೆ ಬತ್ತಾಳೆ ಅಂದ್ಕಂಡಿದ್ದೆ ನೀನು. ಅದೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಅದೊಂದೇ ಅಲ್ಲ."

ಈ ಮನೆ ತಂಗಿಗೆ ತವರು ಎಂದು ಸಾಕಮ್ಮ ಯಾವತ್ತೂ ಯೋಚಿಸಿರಲಿಲ್ಲ. ಅವಳು ಬಂದಾಗಲೆಲ್ಲ ಮಗುವಿನ ಬಳಿ ಎಷ್ಟು ಹೊತ್ತು ಕೂತಳು ಎಂದಷ್ಟೇ ನೋಡುತ್ತಿದ್ದಳು.

"ಗೌರಿ ಹಬ್ಬಕ್ಕೆ ಬಾ," ಎಂದಳು. ಒಂದು ಗಳಿಗೆ ಬಿಟ್ಟು ಸೇರಿಸಿದಳು, "ಎರಡು ದಿನ ಇರು. ಎರಡೇ ದಿನ."

"ಮೂರು?"

"ಎರಡು ಅಂದ್ನಲ್ಲ."

ಸುಕನ್ಯ ನಕ್ಕಳು. ಚಿನ್ನುವಿನ ಜಡೆ ಸಡಿಲವಾಗಿ ಕೂದಲು ಮುಖದ ಮೇಲೆ ಬೀಳುತ್ತಿತ್ತು. ತಂಗಿಯ ಕೈ ಅಲ್ಲಿಗೆ ಹೋಗಿ, ಅರ್ಧಕ್ಕೇ ನಿಂತಿತು. ಸಾಕಮ್ಮ ಚೀಲದಿಂದ ಬಾಚಣಿಗೆ ತೆಗೆದು ಕೊಟ್ಟಳು.

"ಜಡೆ ಆಕು. ನೋವಾಗ್ದಂಗೆ ಎಂಗೆ ಹಿಡೀತೀಯ, ನೋಡವ."

ಸುಕನ್ಯ ಬುಡದಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಹೆಣೆಯತೊಡಗಿದಳು. ಸಾಕಮ್ಮ ದರ್ಜೆ ಮಾಡುವ ಎಲೆಯನ್ನು ನೋಡುವ ಹಾಗೆ ಬಗ್ಗಿ ನೋಡಿದಳು. ಜಡೆ ಅರ್ಧವಾಗುವಷ್ಟರಲ್ಲಿ ಬೀಚನಹಳ್ಳಿ ಕಡೆಗೆ ಹೋಗುವ ಬಸ್ಸು ಬಂತು. ಚೆಲುವರಾಜು ಟೀ ಅಂಗಡಿಯಿಂದಲೇ ಕೂಗಿದ. ಸುಕನ್ಯ ಮೂರು ಎಳೆಗಳನ್ನು ಹಾಗೇ ಅಕ್ಕನ ಕೈಗೆ ಕೊಟ್ಟು ಓಡಿದಳು.

ಉಳಿದ ಅರ್ಧವನ್ನು ಸಾಕಮ್ಮ ಹೆಣೆದಳು. ಹೆಬ್ಬೆರಳು ಒತ್ತಿಯೇ ಹಿಡಿದಿದ್ದಳು.

"ಅವ್ವಾ, ಎಳೀತಿದ್ದೀಯ," ಎಂದಳು ಚಿನ್ನು.

"ಎಳೀತೀನಿ. ನಾನು ಹಿಂಗೇಯ. ಅಲ್ಲಾಡ್ದಂಗೆ ಕೂತ್ಕೊ."

ಚಿನ್ನು ಅಲ್ಲಾಡದೆ ಕೂತಳು.